ಬೇರೆ ಮಾಡೆಲ್‌ನ ಫೋರ್ಕ್ ನಮ್ಮ ಡರ್ಟ್ ಬೈಕಿಗೆ ಕೂರಿಸೋದು: ಏನೇನು ಅಳೀಬೇಕು?

ಮಣ್ಣುಗಾಲಿ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಸುಜುಕಿ ಡಿಆರ್-ಝೆಡ್400ಎಸ್ ಇದೆ. ಇಂಜಿನ್ ಬಗ್ಗೆ ಯಾವ ದೂರೂ ಇಲ್ಲ. ಮುಂದಿನ ಫೋರ್ಕ್, ಅಂದ್ರೆ ಚಕ್ರ ಹಿಡಿದು ಏಟು ನುಂಗೋ ಎರಡು ಕಾಲು, ಮಾತ್ರ ಸಾಕಾಗ್ತಿಲ್ಲ. ಇಳಿಜಾರಲ್ಲಿ ಬ್ರೇಕ್ ಹಿಡಿದ್ರೆ ಮೂತಿ ಪೂರ್ತಿ ಕೆಳಗೆ ಹೋಗುತ್ತೆ, ಸಣ್ಣ ದಿಬ್ಬ ಹಾರಿ ಇಳಿದ್ರೂ ಫೋರ್ಕ್ ಠಣ್ ಅಂತ ಕೊನೆ ಮುಟ್ಟುತ್ತೆ. ಈಗಿರೋದು 49 ಮಿ.ಮೀ. ಮಾಮೂಲಿ ಶೋವಾ ಫೋರ್ಕ್, ಅಂದ್ರೆ ತೆಳು ಕೊಳವೆ ಮೇಲೆ, ದಪ್ಪದ್ದು ಕೆಳಗೆ.

ಎರಡು ದಾರಿ ಕಾಣ್ತಿದೆ. ಒಬ್ಬರ ಹತ್ರ ಆರ್‌ಎಂ-ಝೆಡ್450ರ 47 ಮಿ.ಮೀ. ತಲೆಕೆಳಗು (ದಪ್ಪ ಕೊಳವೆ ಮೇಲೆ ಇರೋ) ಫೋರ್ಕಿನ ಎರಡು ಕಾಲು ಮಾತ್ರ ಇವೆ. ಕಾಲುಗಳನ್ನ ಫ್ರೇಮಿನ ತಲೆಗೆ ಜೋಡಿಸೋ ಕ್ಲಾಂಪ್ ಇಲ್ಲ, ಚಕ್ರ ಇಲ್ಲ, ಆದರೆ ಈಗಲೇ ಕೊಡ್ತಾರೆ. ಇನ್ನೊಬ್ಬರು ವೈಝೆಡ್250ಎಫ್ ಬಿಚ್ಚಿ ಮಾರ್ತಿದಾರೆ. ಅದರಲ್ಲಿ ಕೆವೈಬಿ 48 ಮಿ.ಮೀ. ಫೋರ್ಕ್, ಕ್ಲಾಂಪ್, ಚಕ್ರ, ಬ್ರೇಕ್ ಎಲ್ಲಾ ಸೇರಿ ಸಿಗುತ್ತೆ, ಸ್ವಲ್ಪ ಕಾಯಬೇಕು. ಸುಜುಕಿಗೆ ಸುಜುಕಿದೇ ಸರಿಹೋಗುತ್ತೆ ಅನ್ನೋ ಲೆಕ್ಕದಲ್ಲಿ ಮೊದಲನೆಯದಕ್ಕೆ ಮನಸ್ಸು ವಾಲ್ತಿದೆ. ಮಾಡಿದವರು ಯಾರಾದ್ರೂ ಇದ್ರೆ ಹೇಳಿ.

ಎರಡುಸ್ಟ್ರೋಕ್:
ಬರೀ ಕಾಲು ತಗೋಬೇಡಿ ಗುರು. ನಿಮ್ಮ ಈಗಿನ ಕ್ಲಾಂಪ್ ಹಿಡಿಯೋದು 49 ಮಿ.ಮೀ. ತೆಳು ಕೊಳವೆಯನ್ನ. ತಲೆಕೆಳಗು ಫೋರ್ಕಲ್ಲಿ ಕ್ಲಾಂಪ್ ಹಿಡಿಯೋದು ಹೊರಗಿನ ದಪ್ಪ ಕೊಳವೆಯನ್ನ, ಅದೂ ಮೇಲಿನ ಕ್ಲಾಂಪಿಗೆ ಒಂದು ದಪ್ಪ, ಕೆಳಗಿನದಕ್ಕೆ ಇನ್ನೂ ದಪ್ಪ. 47, 48 ಅಂತ ಹೇಳೋದೆಲ್ಲ ಒಳಗಿನ ಕ್ರೋಮ್ ಕೊಳವೆಯ ಅಳತೆ. ಆ ಸಂಖ್ಯೆ ನೋಡಿ ಕ್ಲಾಂಪ್ ಕೂರುತ್ತೋ ಇಲ್ವೋ ಅಂತ ಹೇಳೋಕೆ ಆಗಲ್ಲ. ಕಾಲು ತಂದ್ಮೇಲೆ ಕ್ಲಾಂಪ್ ಹುಡುಕಬೇಕು, ಆಮೇಲೆ ಆಕ್ಸಲ್, ಆಮೇಲೆ ಚಕ್ರ, ಆಮೇಲೆ ಕ್ಯಾಲಿಪರ್ ಬ್ರಾಕೆಟ್. ಒಂದೊಂದೂ ಒಂದೊಂದು ಕಡೆಯಿಂದ ಬಂದು ಕೊನೆಗೆ ಯಾವುದೋ ಒಂದು ಬುಷ್‌ಗೋಸ್ಕರ ಇಡೀ ಬೈಕ್ ಸ್ಟ್ಯಾಂಡ್ ಮೇಲೆ ಕೂತಿರುತ್ತೆ.

ಒಂದೇ ಬೈಕಿನಿಂದ ಇಡೀ ಮುಂಭಾಗ ತಗೊಳ್ಳಿ. ವೈಝೆಡ್ ಫೋರ್ಕ್ ಅಂತೂ ಒಳ್ಳೆ ಆಯ್ಕೆ. ಯಮಹಾದವರು 2006ರಿಂದ ಕೆವೈಬಿಯ ಎಸ್‌ಎಸ್‌ಎಸ್ ಅನ್ನೋ ಸ್ಪ್ರಿಂಗ್ ಫೋರ್ಕ್ ಹಾಕ್ತಾ ಬಂದಿದಾರೆ. ಬೇರೆ ಕಂಪನಿಗಳೆಲ್ಲ ಗಾಳಿ ಫೋರ್ಕಿನ (ಸ್ಪ್ರಿಂಗ್ ಬದಲು ಒತ್ತಿದ ಗಾಳಿ) ಹಿಂದೆ ಬಿದ್ದಾಗಲೂ ಅವರು ಸ್ಪ್ರಿಂಗ್ ಬಿಡಲಿಲ್ಲ. ಅದಕ್ಕೆ ಸ್ಪ್ರಿಂಗ್, ಸೀಲ್, ಬುಷ್ ಎಲ್ಲಾ ಸುಲಭವಾಗಿ ಸಿಗುತ್ತೆ, ಬಿಚ್ಚಿ ಕೂಡಿಸೋದು ಗೊತ್ತಿರೋರೂ ಬೇಕಾದಷ್ಟು ಜನ ಇದಾರೆ.

ಲೇತ್‌ಮೇಷ್ಟ್ರು:
ಮೊದಲು ಫ್ರೇಮಿನ ತಲೆ ಅಳೀರಿ. ಸ್ಟೀರಿಂಗ್ ಹೆಡ್‌ನಲ್ಲಿ ಮೇಲೊಂದು, ಕೆಳಗೊಂದು ಟೇಪರ್ ರೋಲರ್ ಬೇರಿಂಗ್ ಇರುತ್ತೆ. ಬೇರಿಂಗಿನ ಹೊರ ವ್ಯಾಸವನ್ನ ಫ್ರೇಮ್ ನಿರ್ಧರಿಸುತ್ತೆ, ಒಳ ವ್ಯಾಸವನ್ನ ಸ್ಟೆಮ್ (ಕೆಳ ಕ್ಲಾಂಪಿನಿಂದ ಫ್ರೇಮಿನ ತಲೆಯೊಳಗೆ ಹೋಗೋ ಕಂಬಿ) ನಿರ್ಧರಿಸುತ್ತೆ. ಬೇರಿಂಗಿನ ಮೇಲೆ ಕೆತ್ತಿರೋ ನಂಬರ್ ಓದಿದ್ರೆ ಅರ್ಧ ಕೆಲಸ ಮುಗೀತು. 32005 ಅಂದ್ರೆ ಒಳಗೆ 25, ಹೊರಗೆ 47, ದಪ್ಪ 15 ಮಿ.ಮೀ. 320/28 ಅಂದ್ರೆ 28, 52, 16. 32006 ಅಂದ್ರೆ 30, 55, 17. ಈ ಅಳತೆಗಳು ಯಾವ ಕಂಪನಿ ಬೇರಿಂಗ್ ಆದ್ರೂ ಒಂದೇ. ಆದರೆ ಬೈಕಿನವರು ಎಷ್ಟೋ ಸಲ ಈ ಪಟ್ಟಿಯಲ್ಲಿ ಇಲ್ಲದ ಅಳತೆಯ ಬೇರಿಂಗನ್ನೂ ಬಳಸ್ತಾರೆ. ಆದ್ದರಿಂದ ನಂಬರ್ ಓದಿ, ಜೊತೆಗೆ ವರ್ನಿಯರ್ ಹಾಕಿಯೂ ನೋಡಿ.

ಈಗ ಮೂರು ದಾರಿ. ನಿಮ್ಮ ಫ್ರೇಮಿನ ಹೊರ ವ್ಯಾಸಕ್ಕೂ ಹೊಸ ಸ್ಟೆಮ್ಮಿನ ಒಳ ವ್ಯಾಸಕ್ಕೂ ಒಟ್ಟಿಗೆ ಹೊಂದೋ ಬೇರಿಂಗ್ ಸಿಕ್ಕಿದ್ರೆ ಕೆಲಸ ಅಲ್ಲಿಗೇ ಆಯ್ತು. ಆಲ್ ಬಾಲ್ಸ್ ಅನ್ನೋ ಕಂಪನಿ ಇದಕ್ಕೇ ಅಂತ ಕನ್ವರ್ಶನ್ ಬೇರಿಂಗ್ ಸೆಟ್ ಮಾರುತ್ತೆ. ಇಂಥ ಫ್ರೇಮಿಗೆ ಇಂಥ ಫೋರ್ಕ್ ಅಂತ ಅವರೇ ಜೋಡಿ ಹಾಕಿ ಕೊಡ್ತಾರೆ. ಎರಡನೇ ದಾರಿ, ನಿಮ್ಮ ಹಳೇ ಸ್ಟೆಮ್ಮನ್ನ ಪ್ರೆಸ್‌ನಲ್ಲಿ ಹೊರಗೆ ತೆಗೆದು ಹೊಸ ಕೆಳ ಕ್ಲಾಂಪಿಗೆ ಕೂರಿಸೋದು. ಮೂರನೇದು, ಹೊಸ ಸ್ಟೆಮ್ಮನ್ನೇ ಲೇತ್‌ನಲ್ಲಿ ತಿರುಗಿಸೋದು.

ಎರಡನೇ ದಾರಿ ಹಿಡಿಯೋರಿಗೆ ಒಂದು ಮಾತು. ಪ್ರೆಸ್ಸಿಗೆ ಇಡೋ ಮುಂಚೆ ಸ್ಟೆಮ್ಮಿನ ಬುಡ ತಂತಿ ಬ್ರಷ್‌ನಲ್ಲಿ ಉಜ್ಜಿ ನೋಡಿ. ಕೆಲವದರಲ್ಲಿ ಸರ್ಕ್ಲಿಪ್ ಇರುತ್ತೆ, ಕೆಲವದರಲ್ಲಿ ವೆಲ್ಡ್ ಇರುತ್ತೆ, ಅದು ಕೆಸರಿನಡಿ ಕಾಣಲ್ಲ. ನೋಡದೆ ಒತ್ತಿದ್ರೆ ಅಲ್ಯೂಮಿನಿಯಂ ಕ್ಲಾಂಪ್ ಸೀಳುತ್ತೆ. ಕ್ಲಾಂಪನ್ನ ಬಿಸಿ ಮಾಡಿ, ಸ್ಟೆಮ್ಮನ್ನ ರಾತ್ರಿಯೆಲ್ಲಾ ಫ್ರೀಜರಲ್ಲಿಟ್ಟು, ನೇರವಾಗಿ ಒತ್ತಬೇಕು. ಸುತ್ತಿಗೆ ಏಟು ಬೇಡ. ಸ್ಟೆಮ್ ಕೈಯಲ್ಲಿ ತಳ್ಳಿದರೆ ಸಲೀಸಾಗಿ ಒಳಗೆ ಹೋಗ್ತಿದೆ ಅಂದ್ರೆ ಆ ಜೋಡಿ ಕೆಲಸಕ್ಕೆ ಬರಲ್ಲ, ಅಂಟು ಹಾಕಿ ಕೂರಿಸೋ ಯೋಚನೆಯನ್ನೂ ಮಾಡಬೇಡಿ. ನಿಮ್ಮ ಇಡೀ ಭಾರ ಬ್ರೇಕ್ ಹಿಡಿದಾಗ ಆ ಒಂದು ಕೀಲಿನ ಮೇಲೆ ಬೀಳುತ್ತೆ.

ಉದ್ದವನ್ನೂ ಅಳೀರಿ: ಕೆಳಗಿನ ಬೇರಿಂಗ್ ಕೂರೋ ಜಾಗದಿಂದ ಮೇಲಿನ ಕ್ಲಾಂಪಿನ ಅಡಿವರೆಗೆ. ಸ್ಟೆಮ್ ಉದ್ದ ಜಾಸ್ತಿಯಾದ್ರೆ ಸ್ಪೇಸರ್ ಹಾಕಬಹುದು. ಕಡಿಮೆಯಾದ್ರೆ ನಟ್ಟಿಗೆ ಹಿಡಿಯೋಕೆ ಪೂರ್ತಿ ಥ್ರೆಡ್ ಸಿಗಲ್ಲ, ಅದನ್ನ ಕೈಬಿಡಬೇಕು.

ಕಲ್ಲುದಾರಿ:
ಎಲ್ಲರೂ ಬದಲಾಯಿಸೋದು ಹೇಗೆ ಅಂತ ಹೇಳ್ತಿದೀರಿ. ಬದಲಾಯಿಸಬೇಕಾ ಅಂತಲೂ ಕೇಳೋಣ.

ಮಣ್ಣುಗಾಲಿ ಅವರೇ, ನಿಮ್ಮ ತೂಕ ಎಷ್ಟು, ಓಡಿಸೋದು ಎಂಥ ದಾರಿಯಲ್ಲಿ? ನಿಮ್ಮ ಫೋರ್ಕಲ್ಲೂ ಕಾರ್ಟ್ರಿಡ್ಜ್ ಡ್ಯಾಂಪಿಂಗ್ (ಎಣ್ಣೆ ಹರಿವನ್ನ ವಾಲ್ವ್‌ನಿಂದ ತಡೆದು ಕುಣಿತ ಹದ ಮಾಡೋ ವ್ಯವಸ್ಥೆ) ಇದೆ, ಅದೇನೂ ಹಳೇ ಕಾಲದ ಡ್ಯಾಂಪರ್ ರಾಡ್ ಫೋರ್ಕ್ ಅಲ್ಲ. ಮೂತಿ ಮುಳುಗೋದು, ತಳ ಮುಟ್ಟೋದು ಎರಡಕ್ಕೂ ಮೊದಲ ಕಾರಣ ಸ್ಪ್ರಿಂಗ್ ಮೆತ್ತಗಿರೋದು, ಎರಡನೇ ಕಾರಣ ಹಳೇ ಎಣ್ಣೆ. ನಿಮ್ಮ ತೂಕಕ್ಕೆ ತಕ್ಕ ಸ್ಪ್ರಿಂಗ್ ಹಾಕಿ, ಎಣ್ಣೆ ಬದಲಿಸಿ, ಎಣ್ಣೆಯ ಮಟ್ಟ ಸ್ವಲ್ಪ ಏರಿಸಿದ್ರೆ ತಳ ಮುಟ್ಟೋದು ಬಹಳ ಮಟ್ಟಿಗೆ ನಿಲ್ಲುತ್ತೆ. ಎಣ್ಣೆ ಮೇಲೇರಿದಷ್ಟೂ ಅದರ ಮೇಲಿರೋ ಗಾಳಿಯ ಜಾಗ ಕಿರಿದಾಗಿ ಕೊನೆಯ ಮೂರನೇ ಒಂದು ಭಾಗ ಗಟ್ಟಿಯಾಗುತ್ತೆ. ಡ್ಯಾಂಪರ್ ರಾಡ್ ಫೋರ್ಕ್ ಇರೋರಿಗೆ ರೇಸ್ ಟೆಕ್ ಕಂಪನಿಯ ಎಮ್ಯುಲೇಟರ್ ಅನ್ನೋ ವಾಲ್ವ್ ಇದೆ, ಅದನ್ನ ಹಾಕಿಸಿದ್ರೂ ಫೋರ್ಕ್ ಬೇರೆಯದೇ ಆಗುತ್ತೆ.

ಮೋಟೊಕ್ರಾಸ್ ಫೋರ್ಕ್ ಮಾಡಿರೋದು ದೊಡ್ಡ ಜಂಪ್ ಇಳಿಯೋಕೆ. ಅದನ್ನ ಹಾಗೇ ತಂದು ಕಲ್ಲಿನ ಹಾದಿಯಲ್ಲಿ ನಿಧಾನಕ್ಕೆ ಓಡಿಸಿದ್ರೆ ಪ್ರತಿ ಕಲ್ಲೂ ಮಣಿಕಟ್ಟಿಗೆ ಬಂದು ಬಡಿಯುತ್ತೆ. ದಪ್ಪ ಕೊಳವೆ ಬಾಗಲ್ಲ, ಆ ಗಟ್ಟಿತನ ವೇಗದಲ್ಲಿ ಒಳ್ಳೇದು, ನಿಧಾನದಲ್ಲಿ ಕೈ ನೋವು. ಅದರ ಸರ್ವೀಸೂ ಹೆಚ್ಚು. ರೇಸ್ ಫೋರ್ಕಿನ ಎಣ್ಣೆಯನ್ನ ವರ್ಷಗಟ್ಟಲೆ ಹಾಗೇ ಬಿಡೋಕಾಗಲ್ಲ.

ಮಣ್ಣುಗಾಲಿ:
ಜಾಕೆಟ್, ಬೂಟು ಎಲ್ಲಾ ಸೇರಿ 92 ಕೆಜಿ ಆಗ್ತೀನಿ. ಅರ್ಧ ಕಲ್ಲು ಹಾದಿ, ಅರ್ಧ ತೆರೆದ ಮಣ್ಣಿನ ರಸ್ತೆ, ನಡುವೆ ಡಾಂಬರು. ಸ್ಪ್ರಿಂಗ್ ಈಗಾಗಲೇ ಒಂದು ಹಂತ ಗಟ್ಟಿಯಾದದ್ದು ಹಾಕಿಸಿದೀನಿ. ಮುಳುಗೋದು ಕಡಿಮೆ ಆಯ್ತು, ಆದರೆ ವೇಗವಾಗಿ ಗುಂಡಿ ಸಾಲು ಸಿಕ್ಕಾಗ ಮುಂಭಾಗ ಆ ಕಡೆ ಈ ಕಡೆ ಹೊಯ್ದಾಡುತ್ತೆ. ಅದಕ್ಕೇ ಫೋರ್ಕ್ ಬದಲಿಸೋ ಯೋಚನೆ ಬಂದಿದ್ದು.

ಕಲ್ಲುದಾರಿ:
ಸ್ಪ್ರಿಂಗ್ ಆಗಲೇ ಬದಲಿಸಿದೀರಿ ಅಂದ್ರೆ ನನ್ನ ತಕರಾರು ಅರ್ಧ ಬಿತ್ತು. ವೇಗದ ಗುಂಡಿಗಳಲ್ಲಿ ವೈಝೆಡ್ ಫೋರ್ಕಿನ ವ್ಯತ್ಯಾಸ ನಿಮಗೆ ಖಂಡಿತ ಗೊತ್ತಾಗುತ್ತೆ. ಒಂದು ಷರತ್ತು: ತಂದ ಫೋರ್ಕಿಗೂ ಸ್ಪ್ರಿಂಗ್ ಲೆಕ್ಕ ಹಾಕಿಸಿ. 250 ಮೋಟೊಕ್ರಾಸ್ ಬೈಕ್ ನಿಮ್ಮದಕ್ಕಿಂತ ಬಹಳ ಹಗುರ. ಡಿಆರ್-ಝೆಡ್400ಎಸ್ ಪೆಟ್ರೋಲ್, ಎಣ್ಣೆ ಎಲ್ಲಾ ತುಂಬಿ 144 ಕೆಜಿ ತೂಗುತ್ತೆ. 450 ಸಿಸಿ ಮೋಟೊಕ್ರಾಸ್ ಬೈಕೇ 110 ಕೆಜಿ ಆಸುಪಾಸು. ಹಗುರ ಬೈಕಿನ, ಹಗುರ ಸವಾರನ ಸ್ಪ್ರಿಂಗನ್ನ ಭಾರದ ಬೈಕಿಗೆ ಹಾಕಿದ್ರೆ ಮತ್ತೆ ಅದೇ ಮೂತಿ ಮುಳುಗೋ ಕಥೆ. ಸ್ಪ್ರಿಂಗ್ ಗಟ್ಟಿ ಮಾಡಿ, ಕಂಪ್ರೆಶನ್ ವಾಲ್ವಿಂಗ್ (ಕುಗ್ಗುವಾಗ ಎಣ್ಣೆ ತಡೆಯೋ ವಾಲ್ವಿನ ಹದ) ಸ್ವಲ್ಪ ಮೆತ್ತಗೆ ಮಾಡಿಸಿ. ಆಗ ಭಾರವನ್ನ ಸ್ಪ್ರಿಂಗ್ ಹೊರುತ್ತೆ, ಕಲ್ಲಿನ ಏಟನ್ನ ವಾಲ್ವ್ ನುಂಗುತ್ತೆ.

ಟ್ರೇಲ್‌ಲೆಕ್ಕ:
ಇಷ್ಟೆಲ್ಲ ಬಂತು, ಬೈಕ್ ತಿರುಗೋ ರೀತಿ ಬದಲಾಗುತ್ತೆ ಅನ್ನೋದನ್ನ ಯಾರೂ ಎತ್ತಲಿಲ್ಲ. ನನ್ನ ಮಟ್ಟಿಗೆ ಇದೇ ಮುಖ್ಯ.

ಸ್ಟೀರಿಂಗ್ ಅಕ್ಷವನ್ನ ನೆಲದವರೆಗೆ ಗೆರೆ ಎಳೆದಂತೆ ಊಹಿಸಿಕೊಳ್ಳಿ. ಆ ಗೆರೆ ನೆಲ ಮುಟ್ಟೋ ಜಾಗಕ್ಕಿಂತ ಟೈರ್ ನೆಲ ಮುಟ್ಟೋ ಜಾಗ ಹಿಂದಿರುತ್ತೆ. ಆ ಅಂತರವೇ ಟ್ರೇಲ್. ಅದು ಜಾಸ್ತಿಯಾದ್ರೆ ಬೈಕ್ ನೆಟ್ಟಗೆ, ಗಂಭೀರವಾಗಿ ಹೋಗುತ್ತೆ, ಇಕ್ಕಟ್ಟಲ್ಲಿ ತಿರುಗೋಕೆ ಭಾರ. ಕಡಿಮೆಯಾದ್ರೆ ಚುರುಕು, ವೇಗದಲ್ಲಿ ಹ್ಯಾಂಡಲ್ ಅಲುಗಾಡುತ್ತೆ.

ಲೆಕ್ಕ ಸುಲಭ. ಚಕ್ರದ ತ್ರಿಜ್ಯವನ್ನ ರೇಕ್ ಕೋನದ (ಸ್ಟೀರಿಂಗ್ ಅಕ್ಷ ನೆಟ್ಟಗಿನ ಗೆರೆಯಿಂದ ಹಿಂದಕ್ಕೆ ವಾಲಿರೋ ಕೋನ) ಸೈನ್‌ನಿಂದ ಗುಣಿಸಿ, ಅದರಿಂದ ಒಟ್ಟು ಆಫ್‌ಸೆಟ್ (ಸ್ಟೀರಿಂಗ್ ಅಕ್ಷಕ್ಕಿಂತ ಆಕ್ಸಲ್ ಎಷ್ಟು ಮುಂದಿದೆ ಅನ್ನೋದು) ಕಳೆದು, ಬಂದದ್ದನ್ನ ಕೊಸೈನ್‌ನಿಂದ ಭಾಗಿಸಿ. ಉದಾಹರಣೆಗೆ 21 ಇಂಚಿನ ಚಕ್ರ, ತ್ರಿಜ್ಯ 345 ಮಿ.ಮೀ., ರೇಕ್ 27 ಡಿಗ್ರಿ, ಒಟ್ಟು ಆಫ್‌ಸೆಟ್ 57 ಅಂತಿಟ್ಕೊಳ್ಳಿ. ಟ್ರೇಲ್ ಸುಮಾರು 112 ಮಿ.ಮೀ. ಬರುತ್ತೆ. ಆಫ್‌ಸೆಟ್ 2 ಮಿ.ಮೀ. ಇಳಿದ್ರೆ ಟ್ರೇಲ್ 2.2 ಮಿ.ಮೀ.ಯಷ್ಟು ಏರುತ್ತೆ.

ಒಟ್ಟು ಆಫ್‌ಸೆಟ್ ಅಂತ ಬೇಕಂತಲೇ ಹೇಳಿದೀನಿ. ಬಹಳ ಜನ ಕ್ಲಾಂಪಿನ ಆಫ್‌ಸೆಟ್ ಮಾತ್ರ ಹೋಲಿಸ್ತಾರೆ, 22, 24 ಅಂತ. ಫೋರ್ಕಿನ ತಳದಲ್ಲಿ ಆಕ್ಸಲ್ ಕೂಡ ಕೊಳವೆಯ ಮಧ್ಯರೇಖೆಗಿಂತ ಮುಂದೆ ಕೂತಿರುತ್ತೆ. ಅದು ಒಂದೊಂದು ಫೋರ್ಕಲ್ಲಿ ಒಂದೊಂದು ಥರ. ಎರಡನ್ನೂ ಕೂಡಿಸಿದ ಮೇಲೇ ಹೋಲಿಸಬೇಕು.

ಉದ್ದದ ಲೆಕ್ಕ ಹೀಗೆ. ಹೊಸ ಫೋರ್ಕ್ 20 ಮಿ.ಮೀ. ಉದ್ದ ಇದೆ ಅಂದ್ರೆ ಮುಂಭಾಗ ಸುಮಾರು 18 ಮಿ.ಮೀ. ಏಳುತ್ತೆ. ವೀಲ್‌ಬೇಸ್ 1485 ಮಿ.ಮೀ. ಇದ್ರೆ ರೇಕ್ 0.7 ಡಿಗ್ರಿ ಹಿಂದಕ್ಕೆ ವಾಲುತ್ತೆ, ಟ್ರೇಲ್ 5 ಮಿ.ಮೀ. ಆಸುಪಾಸು ಏರುತ್ತೆ. ಅದರ ಮೇಲೆ ಆಫ್‌ಸೆಟ್ಟೂ ಕಡಿಮೆ ಇದ್ರೆ ಎರಡೂ ಒಂದೇ ದಿಕ್ಕಿಗೆ ಎಳೀತವೆ. ಆಗ ಕಾಡು ಹಾದಿಯ ಬೈಕ್ ಲಾರಿ ಥರ ತಿರುಗುತ್ತೆ.

ಹಳೇ ಫೋರ್ಕ್ ಬಿಚ್ಚೋ ಮುಂಚೆ ಎಲ್ಲಾ ಅಳೆದು ಬರೆದಿಟ್ಕೊಳ್ಳಿ. ಬಿಚ್ಚಿದ ಮೇಲೆ ಹೋಲಿಸೋಕೆ ಏನೂ ಉಳಿಯಲ್ಲ. ಬೈಕನ್ನ ಸ್ಟ್ಯಾಂಡ್ ಮೇಲೆ ಏರಿಸಿ, ಚಕ್ರ ತೂಗ್ತಿರುವಾಗ, ಆಕ್ಸಲ್ ಮಧ್ಯದಿಂದ ಕೆಳ ಕ್ಲಾಂಪಿನ ಅಡಿವರೆಗೆ ಅಳೀರಿ. ಎರಡು ಫೋರ್ಕಿನ ಉದ್ದ ಹೋಲಿಸೋಕೆ ಈ ಒಂದು ಅಳತೆ ಸಾಕು.

ಎರಡುಸ್ಟ್ರೋಕ್:
ಲೆಕ್ಕ ಸರಿ ಸಾರ್, ಒಪ್ತೀನಿ. ಆದರೆ 2 ಮಿ.ಮೀ. ಟ್ರೇಲ್ ಬದಲಾದ್ರೆ ಸವಾರನಿಗೆ ಗೊತ್ತಾಗುತ್ತಾ? ಫೋರ್ಕನ್ನ ಕ್ಲಾಂಪಲ್ಲಿ 10 ಮಿ.ಮೀ. ಮೇಲೆ ತಳ್ಳಿದ್ರೆ ಮುಗೀತು.

ಟ್ರೇಲ್‌ಲೆಕ್ಕ:
2 ಮಿ.ಮೀ. ಒಂದೇ ಆದ್ರೆ ಕೆಲವರಿಗೆ ಗೊತ್ತಾಗಲ್ಲ, ನಿಜ. ರೇಸಿನವರು ಅಷ್ಟಕ್ಕೇ ಬೇರೆ ಕ್ಲಾಂಪ್ ಹಾಕಿಸ್ತಾರೆ ಅನ್ನೋದೂ ನಿಜ. ನನಗೆ ಹೆದರಿಕೆ ಇರೋದು ಎಲ್ಲಾ ಕೂಡಿ 8, 10 ಮಿ.ಮೀ. ಆಗೋದಕ್ಕೆ.

ಮೇಲೆ ತಳ್ಳೋಕೂ ಒಂದು ಮಿತಿ ಇದೆ. ತಲೆಕೆಳಗು ಫೋರ್ಕಿನ ಹೊರ ಕೊಳವೆ ಮೇಲಿಂದ ಕೆಳಗೆ ಒಂದೇ ದಪ್ಪ ಇರಲ್ಲ. ಕ್ಲಾಂಪ್ ಹಿಡಿಯೋ ಜಾಗದಲ್ಲಿ ಮಾತ್ರ ನೇರ, ಆಮೇಲೆ ಓರೆ. ತುದಿಯಲ್ಲಿ ಗೆರೆಗಳಿದ್ರೆ ಅದು ಗುರುತು. ಓರೆ ಭಾಗದ ಮೇಲೆ ಕ್ಲಾಂಪ್ ಬಿಗಿದ್ರೆ ಅಂಚು ಮಾತ್ರ ಕಚ್ಚುತ್ತೆ, ಹಿಡಿತ ಇರಲ್ಲ. ಇನ್ನೂ ಇಳಿಸಬೇಕು ಅಂದ್ರೆ ಫೋರ್ಕ್ ಬಿಚ್ಚಿ ಕಾರ್ಟ್ರಿಡ್ಜಿನ ರಾಡಿಗೆ ಒಳಗಿಂದ ಸ್ಪೇಸರ್ ಹಾಕಿಸಿ. ಒಟ್ಟು ಉದ್ದವೂ ಇಳಿಯುತ್ತೆ, ಅಷ್ಟೇ ಟ್ರಾವೆಲ್ಲೂ (ಫೋರ್ಕ್ ಕುಗ್ಗೋ ಒಟ್ಟು ದೂರ) ಇಳಿಯುತ್ತೆ. ಸ್ಪ್ರಿಂಗಿನ ಮೇಲಿನ ಪ್ಯಾಕಿಂಗನ್ನೂ ಅಷ್ಟೇ ಕಡಿಮೆ ಮಾಡಬೇಕು, ಇಲ್ಲದಿದ್ರೆ ಪ್ರಿಲೋಡ್ (ಸ್ಪ್ರಿಂಗ್ ಮೊದಲೇ ಅದುಮಿರೋ ಪ್ರಮಾಣ) ವಿಪರೀತ ಆಗುತ್ತೆ.

ಲೇತ್‌ಮೇಷ್ಟ್ರು:
ಮೇಲೆ ತಳ್ಳೋ ವಿಷಯ ಬಂತಲ್ಲ, ಒಂದು ಪರೀಕ್ಷೆ ಹೇಳ್ತೀನಿ. ಇದನ್ನ ಮಾಡದೆ ಯಾರೂ ಬೈಕ್ ಹೊರಗೆ ತೆಗೀಬಾರದು.

ಎರಡೂ ಕಾಲಿನ ಸ್ಪ್ರಿಂಗ್ ತೆಗೆದುಬಿಡಿ. ಕ್ಯಾಪ್ ಹಾಕಿ, ಚಕ್ರ, ಮಡ್‌ಗಾರ್ಡ್ ಎಲ್ಲಾ ಕೂರಿಸಿ. ಹ್ಯಾಂಡಲ್‌ಗೂ ಆಕ್ಸಲ್‌ಗೂ ರಾಚೆಟ್ ಪಟ್ಟಿ ಹಾಕಿ ಫೋರ್ಕ್ ಕೊನೆ ಮುಟ್ಟೋವರೆಗೆ ನಿಧಾನಕ್ಕೆ ಎಳೀರಿ. ಈಗ ಟಾರ್ಚ್ ಹಿಡಿದು ನೋಡಿ. ಟೈರಿನ ಗುಬ್ಬಿ ಕೆಳ ಕ್ಲಾಂಪಿಗೆ ತಾಗ್ತಿದೆಯಾ? ಮಡ್‌ಗಾರ್ಡ್ ಬೋಲ್ಟಿನ ತಲೆಗೆ? ಇಂಜಿನಿಂದ ಬರೋ ಸೈಲೆನ್ಸರ್ ಪೈಪಿಗೆ? ರೇಡಿಯೇಟರಿಗೆ? ಹ್ಯಾಂಡಲ್ಲನ್ನ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿಯೂ ನೋಡಿ. ನಿಂತಿರೋದಕ್ಕಿಂತ ಓಡುವಾಗ ಟೈರ್ ಸ್ವಲ್ಪ ಉಬ್ಬುತ್ತೆ, ಕೆಸರು ಮೆತ್ತಿಕೊಳ್ಳುತ್ತೆ, ಅದಕ್ಕೂ ಜಾಗ ಬಿಡಿ. ನಿಮ್ಮ ಬೈಕಿಗಿಂತ ಹೆಚ್ಚು ಟ್ರಾವೆಲ್ ಇರೋ ಫೋರ್ಕನ್ನ ಮೇಲೆ ತಳ್ಳಿ ಕೂರಿಸಿದ್ರೆ ಇಲ್ಲೇ ಸಿಕ್ಕಿಬೀಳೋದು. ಜಂಪ್ ಇಳಿಯುವಾಗ ಚಕ್ರ ಕ್ಲಾಂಪಿಗೆ ಕಚ್ಚಿಕೊಂಡ್ರೆ ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರ್ತಾನೆ.

ಪಟ್ಟಿ ಬಿಚ್ಚಿದ ಮೇಲೆ ಸ್ಟಾಪರ್ ನೋಡಿ. ಪೂರ್ತಿ ತಿರುಗಿಸಿದಾಗ ಫ್ರೇಮಿನ ಗೂಟಕ್ಕೆ ಕೆಳ ಕ್ಲಾಂಪಿನ ಕಿವಿ ಬಂದು ನಿಲ್ಲಬೇಕು. ಬೇರೆ ಬೈಕಿನ ಕ್ಲಾಂಪಲ್ಲಿ ಅದು ಬೇರೆ ಎತ್ತರದಲ್ಲಿರುತ್ತೆ. ಆಗ ಫೋರ್ಕಿನ ಕೊಳವೆಯೇ ಟ್ಯಾಂಕಿಗೆ, ರೇಡಿಯೇಟರಿಗೆ ಗುದ್ದುತ್ತೆ. ಫ್ರೇಮ್ ಕಬ್ಬಿಣದ್ದಾದ್ರೆ ಗೂಟದ ಕಡೆ ಲೋಹ ಸೇರಿಸಿ ಸರಿಮಾಡಬಹುದು. ಅಲ್ಯೂಮಿನಿಯಂ ಕ್ಲಾಂಪಿಗೆ ವೆಲ್ಡ್ ಮಾಡಿಸಬೇಡಿ, ಬಿಸಿಗೆ ಅದರ ಗಟ್ಟಿತನ ಹೋಗುತ್ತೆ.

ಹೊಸಚಕ್ರ:
ಮಧ್ಯೆ ಬಂದೆ, ಕ್ಷಮಿಸಿ. ನಂದು ಬೇರೆ ಬೈಕು, ನನಗೆ ಸಿಕ್ಕಿರೋದು ಗಾಳಿ ಫೋರ್ಕ್. ಒಂದು ಕಾಲು ಮಾತ್ರ ಚೆನ್ನಾಗಿದೆ, ಇನ್ನೊಂದು ಬಾಗಿದೆ. ಇನ್ನೊಂದು ವರ್ಷದ ಮಾಡೆಲ್‌ನಿಂದ ಒಂದು ಕಾಲು ಸೇರಿಸಬಹುದಾ?

ಎರಡುಸ್ಟ್ರೋಕ್:
ಬೇಡವೇ ಬೇಡ. ಈಗಿನ ಎಷ್ಟೋ ಫೋರ್ಕುಗಳಲ್ಲಿ ಎಡಗಾಲು, ಬಲಗಾಲು ಬೇರೆ ಬೇರೆ ಕೆಲಸ ಮಾಡ್ತವೆ. ಡಬ್ಲ್ಯುಪಿಯವರ ಎಇಆರ್48ರಲ್ಲಿ ಒಂದು ಕಾಲಲ್ಲಿ ಗಾಳಿ, ಇನ್ನೊಂದರಲ್ಲಿ ಡ್ಯಾಂಪಿಂಗ್. ಅದೇ ಕಂಪನಿಯ ಎಕ್ಸ್‌ಪ್ಲೋರ್48ರಲ್ಲಿ ಎರಡರಲ್ಲೂ ಸ್ಪ್ರಿಂಗ್ ಇದೆ, ಆದರೆ ಕಂಪ್ರೆಶನ್ ಎಡಕ್ಕೆ, ರಿಬೌಂಡ್ (ಕುಗ್ಗಿದ್ದು ಮರಳಿ ಏಳೋದನ್ನ ತಡೆಯೋದು) ಬಲಕ್ಕೆ. ಶೋವಾದ ಎಸ್‌ಎಫ್‌ಎಫ್‌ನಲ್ಲೂ ಕೆಲಸ ಹಂಚಿರುತ್ತೆ. ಒಂದೇ ಬೈಕಿನ, ಒಂದೇ ವರ್ಷದ ಜೋಡಿಯೇ ಬೇಕು.

ಫೋರ್ಕ್ ಹುಡುಕೋವಾಗ ವರ್ಷ ನೋಡೋದು ಇದಕ್ಕೇ. ಹೋಂಡಾ ಸಿಆರ್‌ಎಫ್450ಆರ್ 2013ರಿಂದ 2016ರವರೆಗೆ ಕೆವೈಬಿ ಗಾಳಿ ಫೋರ್ಕ್, 2017ಕ್ಕೆ 49 ಮಿ.ಮೀ. ಶೋವಾ ಸ್ಪ್ರಿಂಗ್ ಫೋರ್ಕಿಗೆ ವಾಪಸ್. ಕವಾಸಾಕಿ ಕೆಎಕ್ಸ್450 2019ರಲ್ಲಿ ಸ್ಪ್ರಿಂಗಿಗೆ ಮರಳಿತು, ಅದಕ್ಕೂ ಹಿಂದೆ 2013ರಿಂದ ಗಾಳಿ. ಸುಜುಕಿ ಆರ್‌ಎಂ-ಝೆಡ್450 2018ರಲ್ಲಿ ಸ್ಪ್ರಿಂಗಿಗೆ ಮರಳಿತು. ಹೆಸರು ಒಂದೇ ಅಂತ ತಂದ್ರೆ ಒಳಗಿರೋದು ಪೂರ್ತಿ ಬೇರೆ. ದೂರದ ಹಾದಿಯಲ್ಲಿ ಓಡಿಸೋರಿಗೆ ನಾನು ಸ್ಪ್ರಿಂಗ್ ಅಂತಲೇ ಹೇಳೋದು. ಗಾಳಿ ಸೀಲ್ ಹೋದ್ರೆ ಅಲ್ಲೇ ಕೂರಬೇಕಾಗುತ್ತೆ.

ಬಾಗಿದ ಕಾಲಿನ ಜೊತೆಗಿದ್ದ ಕಾಲನ್ನೂ, ಕ್ಲಾಂಪನ್ನೂ ಸುಮ್ಮನೆ ನಂಬಬೇಡಿ. ಕ್ರೋಮ್ ಕೊಳವೆ ಹೊರಗೆ ತೆಗೆಸಿ, ದಪ್ಪ ಗಾಜಿನ ಮೇಲೆ ಉರುಳಿಸಿ. ಬಾಗಿದ್ರೆ ಕೆಳಗಿನ ಸಂದಿಯಲ್ಲಿ ಬೆಳಕು ಹೆಚ್ಚು ಕಡಿಮೆ ಆಗೋದು ಕಾಣುತ್ತೆ. ಕ್ರೋಮಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳೋ ಚುಕ್ಕಿ ಇದ್ರೆ ಅದು ಪ್ರತಿ ಸಲ ಸೀಲ್ ತಿನ್ನುತ್ತೆ.

ಹೊಸಚಕ್ರ:
ಉಳೀತು ನನ್ನ ದುಡ್ಡು. ಧನ್ಯವಾದ ಅಣ್ಣ.

ಮಣ್ಣುಗಾಲಿ:
ವೈಝೆಡ್ ಮುಂಭಾಗ ಪೂರ್ತಿ ತಗೊಂಡೆ. ಕೊಳವೆ ಗಾಜಿನ ಮೇಲೆ ಉರುಳಿಸಿದೆ, ಬೆಳಕಿನ ಗೆರೆ ಅಲುಗಲಿಲ್ಲ. ಬಿಚ್ಚೋ ಮುಂಚೆ ಹಳೇ ಅಳತೆಗಳನ್ನೆಲ್ಲ ಬರೆದಿಟ್ಟೆ. ಸ್ಟೆಮ್ ಬದಲಿಸೋ ಕೆಲಸ ದೊಡ್ಡ ಪ್ರೆಸ್ ಇರೋ ವರ್ಕ್‌ಶಾಪಿಗೆ ಕೊಟ್ಟಿದೀನಿ. ಬ್ರೇಕ್ ಮತ್ತೆ ಮೀಟರ್ ಬಗ್ಗೆ ಯಾರಾದ್ರೂ ಹೇಳಿ.

ಎರಡುಸ್ಟ್ರೋಕ್:
ಬ್ರೇಕ್ ನಿಮಗೆ ಸುಲಭ, ಚಕ್ರ, ಡಿಸ್ಕ್, ಕ್ಯಾಲಿಪರ್ ಒಂದೇ ಮನೆಯವು. ಅದರದ್ದೇ ಮಾಸ್ಟರ್ ಸಿಲಿಂಡರೂ ಹಾಕಿ. ಮಾಸ್ಟರಿನ ಪಿಸ್ಟನ್ ಮತ್ತು ಕ್ಯಾಲಿಪರಿನ ಪಿಸ್ಟನ್ ಅಳತೆ ಹೊಂದದಿದ್ರೆ ಲಿವರ್ ಒಂದೋ ಕಲ್ಲಿನ ಹಾಗೆ ಗಟ್ಟಿ, ಇಲ್ಲಾ ಹ್ಯಾಂಡಲ್ ಮುಟ್ಟೋವರೆಗೆ ಬರುತ್ತೆ. ರಸ್ತೆಗೆ ಬೇಕಾದ ಬ್ರೇಕ್ ಲೈಟ್ ಸ್ವಿಚ್ಚಿಗೆ ಅದರಲ್ಲಿ ಜಾಗ ಇರಲ್ಲ. ಒತ್ತಡಕ್ಕೆ ಕೆಲಸ ಮಾಡೋ ಸ್ವಿಚ್ ಬ್ಯಾಂಜೊ ಬೋಲ್ಟಿನ (ಬ್ರೇಕ್ ಹೋಸ್ ಜೋಡಿಸೋ ಟೊಳ್ಳು ಬೋಲ್ಟ್) ರೂಪದಲ್ಲೇ ಸಿಗುತ್ತೆ. ಬ್ರೇಕ್ ಹೋಸ್ ಫೋರ್ಕ್ ಪೂರ್ತಿ ಚಾಚಿದಾಗಲೂ ಬಿಗಿಯಾಗಬಾರದು, ಪೂರ್ತಿ ಕುಗ್ಗಿದಾಗ ಟೈರಿಗೆ ತಾಗಬಾರದು.

ಮೀಟರ್: ಹಬ್‌ನಿಂದ ಬರ್ತಿದ್ದ ವೇಗದ ಲೆಕ್ಕ ಹೋಯ್ತು ಅಂತಲೇ ತಿಳೀರಿ. ಟ್ರೇಲ್ ಟೆಕ್ ವೇಪರ್ ಥರದ ಕಂಪ್ಯೂಟರ್ ಹಾಕಿದ್ರೆ ಡಿಸ್ಕ್ ಬೋಲ್ಟಿನ ಅಯಸ್ಕಾಂತದಿಂದ ಲೆಕ್ಕ ತಗೊಳ್ಳುತ್ತೆ. ಕೀಲಿ ಸ್ವಿಚ್, ಹೆಡ್‌ಲೈಟ್ ಎರಡಕ್ಕೂ ಮೇಲಿನ ಕ್ಲಾಂಪಲ್ಲಿ ಜಾಗ ಇರಲ್ಲ, ಬ್ರಾಕೆಟ್ ಮಾಡಿಸಬೇಕು. ಹ್ಯಾಂಡಲ್ ಲಾಕ್ ಹೋಗುತ್ತೆ. ರಿಜಿಸ್ಟ್ರೇಶನ್ ಇರೋ ಬೈಕ್ ಆದ್ದರಿಂದ ನಿಮ್ಮಲ್ಲಿನ ನಿಯಮ, ವಿಮೆ ಎರಡನ್ನೂ ಮೊದಲೇ ವಿಚಾರಿಸಿ.

ಲೇತ್‌ಮೇಷ್ಟ್ರು:
ಕೂಡಿಸೋ ಕ್ರಮ ಹೇಳಿಬಿಡ್ತೀನಿ, ಅರ್ಧ ದೂರುಗಳು ಇಲ್ಲೇ ಹುಟ್ಟೋದು.

ಬೇರಿಂಗಿಗೆ ಗ್ರೀಸ್ ತುಂಬಿ ಸ್ಟೆಮ್ ಏರಿಸಿ, ಹೊಂದಿಸೋ ನಟ್ಟನ್ನ ಸ್ವಲ್ಪ ಬಿಗಿಯಾಗಿ ತಿರುಗಿಸಿ, ಹ್ಯಾಂಡಲ್ ಈ ಕೊನೆಯಿಂದ ಆ ಕೊನೆಗೆ ಕೆಲವು ಸಲ ಆಡಿಸಿ ರೋಲರ್ ಕೂರಿಸಿ, ಆಮೇಲೆ ಸಡಿಲ ಬಿಟ್ಟು ಸರಿಯಾದ ಹದಕ್ಕೆ ತನ್ನಿ. ಮುಂದಿನ ಚಕ್ರ ಗಾಳಿಯಲ್ಲಿರುವಾಗ ನಡುವೆ ನಿಂತ ಹ್ಯಾಂಡಲ್ಲನ್ನ ಬೆರಳಲ್ಲಿ ತಟ್ಟಿದ್ರೆ ತಾನಾಗಿ ಪಕ್ಕಕ್ಕೆ ಬೀಳಬೇಕು, ಫೋರ್ಕಿನ ತಳ ಹಿಡಿದು ಹಿಂದೆ ಮುಂದೆ ಎಳೆದ್ರೆ ಕಟಕಟ ಅನ್ನಬಾರದು. ಮೇಲಿನ ದೊಡ್ಡ ನಟ್ ಬಿಗಿಯುವಾಗ ಮೇಲಿನ ಪಿಂಚ್ ಬೋಲ್ಟ್ (ಕ್ಲಾಂಪನ್ನ ಕೊಳವೆ ಮೇಲೆ ಬಿಗಿಯೋ ಬೋಲ್ಟ್) ಸಡಿಲ ಇರಲಿ, ಆಮೇಲೆ ಬಿಗೀರಿ.

ಕ್ಲಾಂಪ್ ಬೋಲ್ಟನ್ನ ಟಾರ್ಕ್ ವ್ರೆಂಚ್ ಇಲ್ಲದೆ ಬಿಗೀಬೇಡಿ, ಮಾಪ ಫೋರ್ಕ್ ಬಂದ ಬೈಕಿನ ಮ್ಯಾನ್ಯುಯಲ್‌ನಿಂದ ತಗೊಳ್ಳಿ. ಕೆಳ ಕ್ಲಾಂಪ್ ಅತಿಯಾಗಿ ಬಿಗಿದ್ರೆ ಹೊರ ಕೊಳವೆ ಒಳಕ್ಕೆ ಅದುಮುತ್ತೆ, ಬುಷ್ ಅಲ್ಲಿ ಹಾದುಹೋಗುವಾಗ ತಡೆಯುತ್ತೆ. ಫೋರ್ಕ್ ಗಟ್ಟಿ ಅಂತ ವಾಲ್ವಿಂಗ್ ಬದಲಿಸೋಕೆ ಹೋಗೋರು ಮೊದಲು ಈ ಬೋಲ್ಟ್ ನೋಡಿ.

ಕೊನೆಗೆ ಆಕ್ಸಲ್. ಆಕ್ಸಲ್ ನಟ್ ಬಿಗೀರಿ, ಅದರ ಎದುರಿನ ಕಾಲಿನ ತಳದ ಪಿಂಚ್ ಬೋಲ್ಟುಗಳನ್ನ ಸಡಿಲವೇ ಬಿಡಿ. ಬೈಕ್ ನೆಲಕ್ಕಿಳಿಸಿ, ಬ್ರೇಕ್ ಹಿಡಿದು ಫೋರ್ಕನ್ನ ಕೆಲವು ಸಲ ಪೂರ್ತಿ ಅದುಮಿ. ಸಡಿಲವಿದ್ದ ಕಾಲು ಆಕ್ಸಲ್ ಮೇಲೆ ಜಾರಿ ತನ್ನ ಜಾಗಕ್ಕೆ ಬರುತ್ತೆ. ಆಮೇಲೆ ಆ ಬೋಲ್ಟ್ ಬಿಗೀರಿ. ಈ ಕ್ರಮ ಬಿಟ್ರೆ ಎರಡು ಕಾಲೂ ಒಂದಕ್ಕೊಂದು ಓರೆಯಾಗಿ ಉಜ್ಜುತ್ತಾ ಇರ್ತವೆ.

ಮಣ್ಣುಗಾಲಿ:
ಎಲ್ಲಾ ಕೂತಿದೆ. ಸ್ಪ್ರಿಂಗ್ ತೆಗೆದು ಪಟ್ಟಿ ಹಾಕಿ ಎಳೆದು ನೋಡಿದೆ. ಟೈರ್ ಎಲ್ಲೂ ತಾಗಲಿಲ್ಲ, ಆದರೆ ಮಡ್‌ಗಾರ್ಡಿನ ಒಂದು ಬೋಲ್ಟಿನ ತಲೆ ಬಹಳ ಹತ್ರ ಇತ್ತು, ಚಪ್ಪಟೆ ತಲೆಯ ಬೋಲ್ಟ್ ಹಾಕಿದೆ. ಸ್ಪ್ರಿಂಗ್ ನನ್ನ ತೂಕಕ್ಕೆ ತಕ್ಕದ್ದು ಹಾಕಿಸಿದೀನಿ. ಗುಂಡಿ ಸಾಲಲ್ಲಿ ಮುಂಭಾಗ ಈಗ ಹಿಡಿದ ಗೆರೆ ಬಿಡಲ್ಲ, ತುಂಬಾ ಖುಷಿಯಾಯ್ತು. ಆದರೆ ಈಗ ಹಿಂಭಾಗ ಮೆತ್ತಗೆ ಅನ್ನಿಸ್ತಿದೆ, ಇಕ್ಕಟ್ಟು ತಿರುವಲ್ಲಿ ಮುಂದಿನ ಚಕ್ರ ಹೊರಗೆ ಜಾರುತ್ತೆ.

ಟ್ರೇಲ್‌ಲೆಕ್ಕ:
ಅದು ಹಿಂದಿನ ಶಾಕ್ ಕೂತುಬಿಟ್ಟಿರೋ ಲಕ್ಷಣ. ಮೂತಿ ಎದ್ದಿದೆ, ಹಿಂದೆ ಕುಗ್ಗಿದೆ, ಎರಡೂ ಸೇರಿ ರೇಕ್ ಹೆಚ್ಚಿಸ್ತಿವೆ. ನೀವು ಪೂರ್ತಿ ಸಜ್ಜಾಗಿ ಬೈಕ್ ಮೇಲೆ ನಿಂತಾಗ ಹಿಂಭಾಗ ಎಷ್ಟು ಕುಗ್ಗುತ್ತೆ ಅಳೆಸಿ. ಆಕ್ಸಲ್‌ನಿಂದ ನೇರ ಮೇಲೆ ಮಡ್‌ಗಾರ್ಡಿನ ಒಂದು ಗುರುತಿನವರೆಗೆ, ಚಕ್ರ ಗಾಳಿಯಲ್ಲಿದ್ದಾಗ ಒಂದು ಸಲ, ನೀವು ಹತ್ತಿದಾಗ ಒಂದು ಸಲ. ವ್ಯತ್ಯಾಸ ಹಿಂದಿನ ಟ್ರಾವೆಲ್‌ನ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿದ್ರೆ ಪ್ರಿಲೋಡ್ ಏರಿಸಿ. ಪ್ರಿಲೋಡ್ ಏರಿಸಿದ ಮೇಲೆ ನೀವು ಇಳಿದಾಗ ಬೈಕ್ ತನ್ನ ಭಾರಕ್ಕೆ ಕುಗ್ಗೋದೇ ಇಲ್ಲ ಅಂದ್ರೆ ಹಿಂದಿನ ಸ್ಪ್ರಿಂಗೂ ನಿಮ್ಮ ತೂಕಕ್ಕೆ ಮೆತ್ತಗಿದೆ, ಅದನ್ನೂ ಬದಲಿಸಬೇಕು. ಅದು ಸರಿಯಾದ ಮೇಲೂ ಚಕ್ರ ಜಾರಿದ್ರೆ ಮಾತ್ರ ಮುಂದಿನ ಫೋರ್ಕನ್ನ ಕ್ಲಾಂಪಲ್ಲಿ 3 ಮಿ.ಮೀ. ಮೇಲೆ ತಳ್ಳಿ, ಮತ್ತೆ ಓಡಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ.